ಗದಾಯುದ್ಧದ ನಾಯಕ ಯಾರು? ನನ್ನ ಪ್ರಬಂಧಕ್ಕೆ ಕೆಂಪು ಗೀಟು ಬಿದ್ದಿದೆ

ಸುಂಕದಕಟ್ಟೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ, ಐಚ್ಛಿಕ ಕನ್ನಡ. ರನ್ನನ ಹಳಗನ್ನಡ ಕಾವ್ಯ ಗದಾಯುದ್ಧದ ಮೇಲೆ ಐದು ಪುಟದ ಪ್ರಬಂಧ ಬರೆಯಬೇಕಿತ್ತು. ‘ದುರ್ಯೋಧನನೇ ಈ ಕಾವ್ಯದ ದುರಂತ ನಾಯಕ’ ಅಂತ ಶುರು ಮಾಡಿದೆ. ನಮ್ಮ ಮೇಡಂ ‘ದುರಂತ ನಾಯಕ’ ಅನ್ನುವ ಕಡೆಯೆಲ್ಲ ಕೆಂಪು ಗೀಟು ಎಳೆದಿದ್ದಾರೆ. ಒಟ್ಟು ಹನ್ನೊಂದು ಗೀಟು, ಎಣಿಸಿದೆ. ಕೊನೆಯಲ್ಲಿ ‘ಕೃತಿಯ ಇನ್ನೊಂದು ಹೆಸರೇನು? ಮತ್ತೆ ಓದು’ ಅಂತ ಒಂದೇ ಸಾಲು.

ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’ ಅಂತ ನನಗೂ ಗೊತ್ತು. ಆದರೆ ಓದುವಾಗ ಭೀಮ ನನಗೆ ಬರೀ ಕೂಗಾಡುವವನ ಹಾಗೆ ಕಾಣುತ್ತಾನೆ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ಭಾಗ ಇದೆಯಲ್ಲ, ಅದನ್ನು ಬಸ್ಸಿನಲ್ಲಿ ಓದುತ್ತಾ ಮೆಜೆಸ್ಟಿಕ್ ಬಂದದ್ದೇ ಗೊತ್ತಾಗಲಿಲ್ಲ. ಕರ್ಣನ ಹೆಣದ ಮುಂದೆ ಅವನು ಹೇಳುವ ಮಾತು ನೋಡಿ: ‘ಆನುಂ ದುಶ್ಶಾಸನನುಂ ನೀನುಂ ಮೂವರೆ ದಲ್’. ನಾವಿದ್ದದ್ದು ಮೂರೇ ಜನ, ಅವನು ಹೋದ, ಇಬ್ಬರಾದೆವು, ಈಗ ನೀನೂ ಎಲ್ಲಿ ಹೋದೆ ಅಂತ. ಇಷ್ಟು ಸರಳವಾಗಿ ಅಳುವವನು ಖಳನಾಯಕ ಹೇಗಾಗುತ್ತಾನೆ?

ನನ್ನ ಪುಸ್ತಕ ಅವೆನ್ಯೂ ರಸ್ತೆಯಲ್ಲಿ ಅರವತ್ತು ರೂಪಾಯಿಗೆ ಕೊಂಡದ್ದು. ಹಿಂದೆ ಓದಿದವರು ಈ ಪದ್ಯದ ಪಕ್ಕ ಪೆನ್ಸಿಲ್‌ನಲ್ಲಿ ‘ಗ್ಯಾರಂಟಿ ಪ್ರಶ್ನೆ’ ಅಂತ ಬರೆದಿದ್ದಾರೆ. ಅದು ಬಿಟ್ಟರೆ ನನಗೆ ಸಹಾಯ ಮಾಡಿದವರು ಯಾರೂ ಇಲ್ಲ! ಶುಕ್ರವಾರ ಸೆಮಿನಾರ್. ನಾನು ಬರೆದದ್ದು ತಪ್ಪಾ?

ಕುಂದಾಪ್ರ ಟು ಕೆಂಗೇರಿ

ನಾನು ಓದಿದ್ದು ಕಾಮರ್ಸ್, ಹಳಗನ್ನಡ ಅಷ್ಟಕ್ಕಷ್ಟೇ. ಆದರೆ ನಮ್ಮೂರಲ್ಲಿ ಗದಾಪರ್ವ ಯಕ್ಷಗಾನ ಆಟ ಇದ್ದರೆ ಜನ ಕೇಳುವುದು ಒಂದೇ: ‘ಕೌರವ ಯಾರ್ದು?’ ಭೀಮ ಯಾರ್ದು ಅಂತ ಆಮೇಲೆ. ರವೀಂದ್ರ ಕಲಾಕ್ಷೇತ್ರದಲ್ಲಿ ನೋಡಿದಾಗಲೂ ಅಷ್ಟೇ, ಕೌರವ ಸರೋವರದಿಂದ ಎದ್ದು ಬರುವಾಗ ಚಪ್ಪಾಳೆ. ನಿಮ್ಮ ಕಡೆಗೆ ನನ್ನದೊಂದು ವೋಟು.

ಹನುಮಂತನಗರದ ಮೇಷ್ಟ್ರು

ನೋಡಮ್ಮಾ, ವೋಟಿನಿಂದ ನಾಯಕನನ್ನು ಆರಿಸುವುದಾದರೆ ಇದು ಇಷ್ಟರಲ್ಲೇ ಮುಗಿಯಿತು. ಮೂವತ್ತು ವರ್ಷ ಇದನ್ನೇ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ಮೇಡಂ ಪರವಾಗಿ ಸ್ವಲ್ಪ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ರನ್ನ ಇದನ್ನು ಬರೆದದ್ದು ಕ್ರಿ.ಶ. 982ರ ಸುಮಾರಿಗೆ. ಮುಧೋಳದ ಬಳೆಗಾರರ ಮನೆಯ ಹುಡುಗ, ಚಾಲುಕ್ಯರ ಆಸ್ಥಾನಕ್ಕೆ ಹೋದ. ತನಗೆ ಆಶ್ರಯ ಕೊಟ್ಟ ಸತ್ಯಾಶ್ರಯ ಇರಿವಬೆಡಂಗನನ್ನೇ ಭೀಮನಿಗೆ ಸಮೀಕರಿಸಿ ಕಾವ್ಯ ಕಟ್ಟಿದ. ಅದಕ್ಕೇ ಕೊನೆಯಲ್ಲಿ ಪಟ್ಟ ಆಗುವುದು ಧರ್ಮರಾಯನಿಗಲ್ಲ, ಭೀಮನಿಗೆ. ಅಂದರೆ ಕಾವ್ಯದ ಚೌಕಟ್ಟಿನಲ್ಲಿ ನಾಯಕ ಭೀಮನೇ, ಅದರಲ್ಲಿ ಅನುಮಾನ ಇಲ್ಲ. ‘ದುರಂತ ನಾಯಕ’ ಅನ್ನುವುದು ರನ್ನನ ಕಾಲದ ಮಾತೇ ಅಲ್ಲ. ಗ್ರೀಕ್ ನಾಟಕ, ಇಂಗ್ಲಿಷ್ ನಾಟಕ ಓದಿದ ಬಿ.ಎಂ.ಶ್ರೀ ಅವರಂಥವರ ಕಾಲದಲ್ಲಿ ನಮಗೆ ಬಂದದ್ದು. ಸೋಫೋಕ್ಲಿಸ್‌ನ ಅಯಾಸ್ ನಾಟಕವನ್ನು ಅವರು ‘ಅಶ್ವತ್ಥಾಮನ್’ ಮಾಡಿದರಲ್ಲ, 1929ರಲ್ಲಿ, ಅದೇ ಗಾಳಿ. ಆ ಮಾತು ಬಳಸಬಾರದು ಅಂತಲ್ಲ. ಹನ್ನೊಂದು ಸಲ ಬಳಸಿ, ಎಲ್ಲಿಂದ ಬಂತು ಅಂತ ಒಂದು ಸಲವೂ ಹೇಳದಿದ್ದರೆ ಯಾರಾದರೂ ಗೀಟು ಹಾಕುತ್ತಾರೆ.

ಇನ್ನು ಭೀಮ ಕೂಗಾಡುತ್ತಾನೆ ಅಂದೆಯಲ್ಲ. ಕಾವ್ಯದ ಶುರುವಿನಲ್ಲೇ ದ್ರೌಪದಿ ಅವನ ಮುಂದೆ ನಿಂತು ಮಾತಾಡುತ್ತಾಳೆ. ಅದನ್ನು ಓದದೆ ಹೆಣಗಳ ಹತ್ತಿರ ಹಾರಿದರೆ ಕೂಗು ಮಾತ್ರ ಕೇಳುತ್ತದೆ, ಕಾರಣ ಕೇಳುವುದಿಲ್ಲ. ಬಹಳ ಹುಡುಗರು ಹಾಗೇ ಮಾಡುತ್ತಾರೆ, ಪಠ್ಯದಲ್ಲಿ ಇಟ್ಟಿರುವುದೂ ಆ ಭಾಗವನ್ನೇ.

ಒಂದು ಕೆಲಸ ಮಾಡು. ‘ಅಯ್ಯೋ ಪಾಪ’ ಅನ್ನುವುದನ್ನು ಒಂದು ಗಂಟೆ ಪಕ್ಕಕ್ಕಿಡು. ಪ್ರತಿ ಹೆಣದ ಮುಂದೆ ದುರ್ಯೋಧನ ಏನಂತ ದೂರುತ್ತಾನೆ, ಬರೀ ಅದನ್ನು ಪಟ್ಟಿ ಮಾಡು.

ಸುಂಕದಕಟ್ಟೆ ಹುಡುಗಿ

ಮೇಷ್ಟ್ರೇ, ಮೊದಲು ಸಿಟ್ಟು ಬಂತು, ನಿಜ ಹೇಳಿಬಿಡುತ್ತೇನೆ. ಆಮೇಲೆ ಪಟ್ಟಿ ಮಾಡಿದೆ.

ಅಭಿಮನ್ಯುವಿನ ಮುಂದೆ ದೂರೇ ಇಲ್ಲ. ಶತ್ರುವಿನ ಮಗ, ತನ್ನವರೇ ಕೊಂದದ್ದು, ಆದರೂ ಕೈಮುಗಿದು ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನಮಗೂ ಬರಲಿ ಅನ್ನುತ್ತಾನೆ. ಮಗ ಲಕ್ಷ್ಮಣನ ಮುಂದೆ ದೂರು: ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಈಗ ನಾನೇ ನಿನಗೆ ಬಿಡುವ ಹಾಗಾಯಿತು, ನೀನು ‘ಕ್ರಮವಿಪರ್ಯಯಂ’, ಅಂದರೆ ಕ್ರಮ ತಲೆಕೆಳಗು, ಮಾಡಬಹುದಾ ಅಂತ. ದುಶ್ಶಾಸನನ ಮುಂದೆಯೂ ಅದೇ ದೂರು. ಅಮ್ಮನ ಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಎಲ್ಲದರಲ್ಲೂ ನಾನು ಮುಂದೆ, ನೀನು ಹಿಂದೆ. ಸಾವಿನಲ್ಲಿ ಮಾತ್ರ ನೀನೇ ಮುಂದೆ ಹೋದೆ.

ಇದನ್ನು ಬರೆದುಕೊಂಡು ಎರಡು ಪುಟ ಹಿಂದೆ ತಿರುಗಿಸಿದೆ ಸಾರ್. ಅಲ್ಲಿ ಧೃತರಾಷ್ಟ್ರ, ಗಾಂಧಾರಿ ಬಂದು ಸಂಧಿ ಮಾಡಿಕೋ ಮಗನೇ ಅಂತ ಬೇಡುತ್ತಾರೆ. ಅವನು ಒಪ್ಪುವುದಿಲ್ಲ. ಮಗ ಕ್ರಮ ತಪ್ಪಿದ ಅಂತ ಅಳುವವನು ತನ್ನ ಅಪ್ಪನಿಗೂ ಅದನ್ನೇ ಮಾಡಲು ಹೊರಟಿದ್ದಾನೆ. ಆ ಕುರುಡ ಅಪ್ಪನೂ ಮಗನಿಗೆ ತರ್ಪಣ ಬಿಡಬೇಕಾಗುತ್ತದೆ. ಅದು ಅವನಿಗೆ ಹೊಳೆಯುವುದೇ ಇಲ್ಲ! ರನ್ನನೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಒಂದರ ಹಿಂದೆ ಒಂದು ಇಟ್ಟಿದ್ದಾನೆ. ನನಗೆ ದುರ್ಯೋಧನನ ಮೇಲೆ ಪ್ರೀತಿ ಕಡಿಮೆ ಆಗಲಿಲ್ಲ, ಆದರೆ ಮೊದಲಿನ ಥರ ಇಲ್ಲ.

ಹನುಮಂತನಗರದ ಮೇಷ್ಟ್ರು

ಇದನ್ನು ನಾನು ಮೂವತ್ತು ವರ್ಷದಲ್ಲಿ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಸಣ್ಣದೊಂದು ಸೇರಿಸುತ್ತೇನೆ. ಭೀಷ್ಮರೂ ಸಂಧಿ ಅಂದಾಗ ಅವನು ಹೇಳುವ ಪದ್ಯ ನೋಡು: ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ ಅಂತ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಅದರ ಜೊತೆ ಮತ್ತೆ ‘ಪುದುವಾಳ್ದಪೆನೇ’? ಪುದು ಅಂದರೆ ಕೂಡಿ ಇರುವುದು, ಸಂಸಾರದ ಮಾತು. ಇಷ್ಟು ಹೊತ್ತಿಗೆ ರಾಜ್ಯದ ಆಸೆ ಸತ್ತಿದೆ. ಹಾಗಾದರೆ ಉಳಿದ ಯುದ್ಧ ಯಾರಿಗಾಗಿ? ಇದನ್ನು ಮೇಡಂ ಮುಂದೆ ಪ್ರಶ್ನೆಯಾಗಿಯೇ ಇಡು, ಉತ್ತರ ಕೊಡಲು ಹೋಗಬೇಡ.

ಇನ್ನೊಂದು. ಸರೋವರದಲ್ಲಿ ಅಡಗಿದ್ದು ಹೇಡಿತನ ಅಂತ ಯಾರಾದರೂ ಕೇಳುತ್ತಾರೆ. ಅಲ್ಲಿರು ಅಂತ ಹೇಳಿದ್ದು ಭೀಷ್ಮರು. ಹಿರಿಯರ ಆ ಮಾತನ್ನು ಅವನು ಕೇಳಿದ, ಅದೇ ಅವನಿಗೆ ಅವಮಾನ ತಂದಿತು.

ಕುಂದಾಪ್ರ ಟು ಕೆಂಗೇರಿ

‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಅಲ್ವಾ ಮೇಷ್ಟ್ರೇ? ಹಾವಿನ ಬಾವುಟದ ದುರ್ಯೋಧನ ನೀರಿನೊಳಗಿದ್ದರೂ ಬೆವರಿದ ಅನ್ನುವುದು. ಅದೊಂದು ಸಾಲು ನನಗೂ ಬಾಯಿಗೆ ಬರುತ್ತದೆ.

ಸುಂಕದಕಟ್ಟೆ ಹುಡುಗಿ

ತಲೆಬರಹ ಬದಲಾಯಿಸಿದೆ: ‘ಕ್ರಮ ತಪ್ಪಿದವರು’. ಗೀಟು ಬಿದ್ದ ಹನ್ನೊಂದರಲ್ಲಿ ಹತ್ತು ತೆಗೆದೆ, ಒಂದನ್ನು ಎಲ್ಲಿಂದ ಬಂತು ಅಂತ ಹೇಳಿ ಉಳಿಸಿಕೊಂಡಿದ್ದೇನೆ. ಮೇಷ್ಟ್ರೇ, ಕೊನೇ ಪ್ರಶ್ನೆ. ‘ನೆಲಕಿರಿವೆನೆಂದು’ ಪದ್ಯ ತರಗತಿಯಲ್ಲಿ ಓದುವಾಗ ‘ಪಾಳ್ನೆಲನೆನಗೆ’ ಅನ್ನುವಲ್ಲಿ ನಿಲ್ಲಿಸಲಾ, ಒಂದೇ ಉಸಿರಿಗೆ ಹೋಗಲಾ? ಅಮ್ಮ ಅಡುಗೆ ಮನೆಯಿಂದ ‘ನಿಲ್ಲಿಸು’ ಅನ್ನುತ್ತಿದ್ದಾರೆ, ಅದು ಪದ್ಯಕ್ಕೋ ನನಗೋ ಗೊತ್ತಾಗುತ್ತಿಲ್ಲ.