ಅಪ್‌ಡೇಟ್: ಮಗಳ ಥೆರಪಿ, ಅರ್ಧ ಆನ್‌ಲೈನ್, ಅರ್ಧ ಎದುರು ಕೂತು

ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ 15ರ ಮಗಳಿಗೆ ಆನ್‌ಲೈನ್ ಥೆರಪಿ ಸಾಕಾ ಎಂದು ಕೇಳಿದ್ದೆ ಅಲ್ವಾ? ಈಗ ಎರಡೂ ನಡೆಯುತ್ತಿವೆ. ವಾರಕ್ಕೊಮ್ಮೆ ಥೆರಪಿಸ್ಟ್ ಎದುರು ಕೂತು ಮಾತು. ಉಳಿದ ದಿನ ಆ್ಯಪ್‌ನಲ್ಲಿ ಡಿಬಿಟಿ (ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಥೆರಪಿ) ಅಭ್ಯಾಸ, ಡೈರಿ ಕಾರ್ಡ್: ಇವತ್ತು ಎಷ್ಟು ಬೇಜಾರಿತ್ತು, ಗಾಯ ಮಾಡಿಕೊಳ್ಳಬೇಕು ಅನ್ನಿಸಿತಾ, ಆಗ ಏನು ಮಾಡಿದೆ. ಬಾಯಿಬಿಟ್ಟು ಹೇಳದ್ದನ್ನೆಲ್ಲ ಅಲ್ಲಿ ಬರೆಯುತ್ತಾಳೆ. ಥೆರಪಿಸ್ಟ್ ಅದನ್ನೇ ಹಿಡಿದು ಮಾತು ಶುರು ಮಾಡುತ್ತಾರೆ. ನಾನು ಓದುವಂತಿಲ್ಲ. ಮೊದಲು ಸಿಟ್ಟು ಬಂತು, ಈಗ ಅದೇ ಸರಿ ಅನ್ನಿಸುತ್ತಿದೆ. ಜೀವಕ್ಕೆ ಅಪಾಯ ಕಂಡರೆ ಮಾತ್ರ ನಿಮಗೆ ತಿಳಿಸುತ್ತೇವೆ ಎಂದು ಥೆರಪಿಸ್ಟ್ ಮೊದಲ ದಿನವೇ, ಅವಳ ಎದುರೇ, ಹೇಳಿದ್ದರು.

ಆ್ಯಪ್‌ನಲ್ಲಿ ರಾತ್ರಿ ಮೆಸೇಜ್ ಹಾಕಿದರೆ ಯಾರೂ ಉತ್ತರಿಸುವುದಿಲ್ಲ. ಹಾಗಾಗಿ ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿಟ್ಟಿದ್ದೇವೆ. ಮಾತ್ರೆಗಳೆಲ್ಲ ಬೀಗದೊಳಗೆ.

ಕಳೆದ ತಿಂಗಳು ಒಮ್ಮೆ ಮತ್ತೆ ಆಯಿತು. ಈ ಸಲ ಅವಳೇ ಬಂದು ಹೇಳಿದಳು.