ಮೌಸ್ ಕಳಚಿಟ್ಟು ನೋಡಿದಿರಾ? ಮೈಸೂರು–ಮಂಡ್ಯ ವೆಬ್‌ಸೈಟ್ ಬಳಗದ ಪ್ರಶ್ನೋತ್ತರ

ನಿರ್ವಾಹಕ: ಇಂದು ನಮ್ಮೊಂದಿಗೆ ಸರಸ್ವತಿಪುರಂನ ಮೇಡಂ ಇದ್ದಾರೆ. ವೆಬ್‌ಸೈಟ್ ಪರೀಕ್ಷೆ ಅವರ ವೃತ್ತಿ. ಸಂಜೆ ಏಳರವರೆಗೆ ಉತ್ತರಿಸುತ್ತಾರೆ. ಪ್ರಶ್ನೆ ಮಾತ್ರ ಹಾಕಿ. ಶುಭೋದಯದ ಚಿತ್ರ ಬೇಡ.

ಕುವೆಂಪುನಗರದ ಸದಸ್ಯ: ನಮಸ್ಕಾರ ಮೇಡಂ. ನಮ್ಮ ಹೋಂಸ್ಟೇ ವೆಬ್‌ಸೈಟಿಗೆ ವೆಬ್‌ಸೈಟನ್ನು ತಾನೇ ಪರೀಕ್ಷಿಸಿ ಅಂಕ ಕೊಡುವ ಗೂಗಲ್‌ನ ಲೈಟ್‌ಹೌಸ್ ತಂತ್ರಾಂಶದಲ್ಲಿ ನೂರಕ್ಕೆ ನೂರು ಬಂದಿದೆ. ‘ಅಂಗವಿಕಲರೂ ಬಳಸಬಹುದು’ ಎಂದು ಹಾಕಿಕೊಳ್ಳಬಹುದೇ?

ಮೇಡಂ: ನಮಸ್ಕಾರ. ಈಗಲೇ ಬೇಡ. ಚಿತ್ರಕ್ಕೆ ವಿವರಣೆ ಇದೆಯೇ ಎಂದಷ್ಟೇ ಯಂತ್ರ ನೋಡುತ್ತದೆ, ಅದರಲ್ಲಿ ಏನು ಬರೆದಿದೆ ಎಂದು ನೋಡುವುದಿಲ್ಲ. ನೀವು ಎಲ್ಲ ಕೋಣೆಗಳಿಗೂ ‘ಫೋಟೋ’ ಎಂದೇ ಬರೆದಿದ್ದೀರಿ. ಮೌಸ್ ಕಳಚಿಟ್ಟು, ಟ್ಯಾಬ್ ಕೀಲಿ ಒತ್ತುತ್ತಾ ಒಂದು ಕೋಣೆ ಕಾಯ್ದಿರಿಸಿ ನೋಡಿ. ನಾನು ನೋಡಿದೆ. ದಿನಾಂಕದ ಪೆಟ್ಟಿಗೆಯೊಳಗೆ ಹೋದವಳು ಹೊರಗೆ ಬರಲಾಗಲಿಲ್ಲ.

ಮದ್ದೂರಿನ ಸದಸ್ಯ: ಮಂಡ್ಯ ಕಡೆ ಕಡಿಮೆ ದರಕ್ಕೆ ವೆಬ್‌ಸೈಟ್ ಮಾಡಿಕೊಡುವವರು ಯಾರಿದ್ದಾರೆ?

ಮಂಡ್ಯದ ಸದಸ್ಯೆ: ಮೇಡಂ, ನಾನು ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರವನ್ನು ನಾನೇ ಟೈಪ್ ಮಾಡಿ ವೆಬ್‌ಸೈಟಿಗೆ ಹಾಕಿಸಿದೆ. ನಮ್ಮ ಸದಸ್ಯರಾದ ನಿವೃತ್ತ ಮೇಷ್ಟರೊಬ್ಬರಿಗೆ ದೃಷ್ಟಿ ಹೋಗಿದೆ. ಮೊಬೈಲ್ ಓದಿ ಹೇಳುವುದನ್ನು ಕೇಳಿಸಿಕೊಳ್ಳುತ್ತಾರೆ. ಅವರು ಫೋನ್ ಮಾಡಿ, ‘ಏನಮ್ಮ, ಸಂಘದ ಲೆಕ್ಕ ಈಗ ಪೌಂಡಿನಲ್ಲಿದೆಯೇ? ಸಾಲಿಗೆ ನಾಲ್ಕು ಸಲ ಪೌಂಡ್ ಎನ್ನುತ್ತಿದೆ’ ಎಂದರು. ಪುಟದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತಿದೆ.

ಮೇಡಂ: ಈ ಪ್ರಶ್ನೆಗಾಗಿಯೇ ಇವತ್ತು ಬಂದೆ ಎನ್ನಿಸುತ್ತಿದೆ. ನೀವು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ, ಅಲ್ಲವೇ? ಆ ಫಾಂಟಿನಲ್ಲಿ ಕನ್ನಡ ಅಕ್ಷರವೆಂಬುದು ಬರೀ ವೇಷ. ‘ಕ’ ಒತ್ತಿದಾಗ ಕಡತದೊಳಗೆ ಕೂರುವುದು ಇಂಗ್ಲಿಷಿನ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ಒಂದು ‘ಎ’. ಆ ‘ಎ’ಯೇ ತಲೆಕಟ್ಟು. ‘ನ’ದ ಜಾಗದಲ್ಲಿ ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆ! ಕಣ್ಣಿರುವವರು ವೇಷ ನೋಡುತ್ತಾರೆ, ಮೇಷ್ಟರ ಮೊಬೈಲು ಒಳಗಿರುವುದನ್ನು ಓದುತ್ತದೆ. ಅದರ ತಪ್ಪೇನೂ ಇಲ್ಲ.

ನಂಬಿಕೆ ಬಾರದಿದ್ದರೆ ಪುಟದಿಂದ ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕೂಡಲೇ ಬಣ್ಣ ಬಯಲಾಗುತ್ತದೆ. ಗೂಗಲ್‌ನಲ್ಲಿ ‘ಮಹಾಸಭೆ’ ಎಂದು ಹುಡುಕಿದರೂ ಈ ಪುಟ ಸಿಗುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಜಾಗವಿದೆ. ನಾವು ಮಾತ್ರ ಇನ್ನೂ ಬಾಡಿಗೆ ಮನೆ ಬಿಟ್ಟಿಲ್ಲ.

ಮಾಡಬೇಕಾದದ್ದು: ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ. ಆಮೇಲೆ ಕಡ್ಡಾಯವಾಗಿ ಒಮ್ಮೆ ಓದಿ, ವಿಶೇಷವಾಗಿ ಅರ್ಕಾವತ್ತು. ಹಳೆಯ ಕ್ರಮದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಕೆಟ್ಟ ಪರಿವರ್ತಕಗಳು ‘ಕಾರ್ಯಕ್ರಮ’ವನ್ನು ‘ಕಾಯರ್ಕ್ರಮ’ ಮಾಡಿಬಿಡುತ್ತವೆ. ಪುಟದ ಮೂಲ ಕೋಡ್ ಆದ ಎಚ್‌ಟಿಎಂಎಲ್‌ನ ಆರಂಭದಲ್ಲಿ ಭಾಷೆ ‘ಇಎನ್’ ಎಂದಿದ್ದರೆ ‘ಕೆಎನ್’ ಎಂದು ಬದಲಿಸಲು ವೆಬ್‌ಸೈಟಿನವರಿಗೆ ಹೇಳಿ. ಇಲ್ಲದಿದ್ದರೆ ಕನ್ನಡವನ್ನು ಇಂಗ್ಲಿಷ್ ಧ್ವನಿಗೆ ಓದಲು ಕೊಟ್ಟಂತಾಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಬೇಡಿ. ಅದು ಬರೀ ಚಿತ್ರ. ಮೇಷ್ಟರು ಕೇಳಿ ಏನೆಂದರು ಎಂದು ಇಲ್ಲಿಯೇ ತಿಳಿಸಿ.

ವಿಜಯನಗರದ ಸದಸ್ಯ: ಬಂದದ್ದನ್ನು ಹಂಚುತ್ತಿದ್ದೇನೆ: ‘ಈ ಒಂದೇ ಸಾಲಿನ ಕೋಡ್ ಸೇರಿಸಿ, 48 ಗಂಟೆಯಲ್ಲಿ ನಿಮ್ಮ ವೆಬ್‌ಸೈಟ್ ಅಂಗವಿಕಲರ ಬಳಕೆಯ ಎಲ್ಲ ನಿಯಮಗಳಿಗೂ ಬದ್ಧ! ಹತ್ತು ಜನರಿಗೆ ಕಳುಹಿಸಿ.’

ಮೇಡಂ: ಒಬ್ಬರಿಗೂ ಕಳುಹಿಸಬೇಡಿ. ಇಂಥದೇ ಮಾತು ಹೇಳಿ ಮಾರಿದ ಕಂಪನಿಯೊಂದಕ್ಕೆ 10 ಲಕ್ಷ ಡಾಲರ್ ಕಟ್ಟುವಂತೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ಆ ಸಾಲು ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರವನ್ನೋ ಮನುಷ್ಯನ ಗೊಂಬೆಯನ್ನೋ ಕೂರಿಸುತ್ತದೆ, ಒಳಗಿನ ಹುಳುಕು ಹಾಗೆಯೇ ಇರುತ್ತದೆ. ಎಷ್ಟೋ ಸಲ ಪರದೆಯನ್ನು ಓದಿ ಹೇಳುವ ಬಳಕೆದಾರರ ಸ್ಕ್ರೀನ್ ರೀಡರ್‌ಗೆ ಅದೇ ಅಡ್ಡ ಬರುತ್ತದೆ.

ಜಯಲಕ್ಷ್ಮಿಪುರಂನ ವಿನ್ಯಾಸಕ: ರೇಷ್ಮೆ ಸೀರೆ ಅಂಗಡಿಯ ಪುಟ ಮಾಡಿದ್ದೇನೆ. ಬಿಳಿ ಹಿನ್ನೆಲೆ, ಅರಮನೆಯ ಕಳೆ ಬರಲೆಂದು ಚಿನ್ನದ ಬಣ್ಣದ ಅಕ್ಷರ. ಚಿತ್ರ ಹಾಕಿದ್ದೇನೆ, ಅಭಿಪ್ರಾಯ ಹೇಳಿ.

ಮೇಡಂ: ಅಳೆದೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸದ ಅನುಪಾತ 2.1ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕು. ಅದೇ ಚಿನ್ನವನ್ನು ಕಡು ಮರೂನ್ ಮೇಲಿಡಿ, 7 ದಾಟುತ್ತದೆ, ಅರಮನೆಯ ಕಳೆಗೂ ಭಂಗವಿಲ್ಲ.

ಜಯಲಕ್ಷ್ಮಿಪುರಂನ ವಿನ್ಯಾಸಕ: ಅಂಗಡಿಯವರಿಗೆ ಬಿಳಿಯೇ ಬೇಕು. ಅದೂ ಅಲ್ಲದೆ, ಕಣ್ಣು ಕಾಣದವರು ಆನ್‌ಲೈನ್‌ನಲ್ಲಿ ಸೀರೆ ಕೊಳ್ಳುತ್ತಾರೆಯೇ?

ಶ್ರೀರಂಗಪಟ್ಟಣದ ಸದಸ್ಯ: ನನ್ನ ತಂಗಿ ಕೊಳ್ಳುತ್ತಾಳೆ ಸ್ವಾಮಿ. ಹುಟ್ಟಿನಿಂದ ಕಾಣದು. ಅಂಚಿನ ಜರಿಯನ್ನು ಉಗುರಿನಿಂದ ಸವರಿ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಾಳೆ. ನಿಮ್ಮಂಥವರ ಪುಟದಲ್ಲಿ ಅವಳಿಗೆ ಕೇಳಿಸುವುದು ‘ಐಎಂಜಿ ಸೊನ್ನೆ ಸೊನ್ನೆ ನಾಲ್ಕು’ ಎಂಬ ಚಿತ್ರದ ಕಡತದ ಹೆಸರು.

ಜಯಲಕ್ಷ್ಮಿಪುರಂನ ವಿನ್ಯಾಸಕ: ನಾನು ಸಾಮಾನ್ಯ ಗ್ರಾಹಕರ ಮಾತು ಹೇಳಿದ್ದು. ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ.

ಶ್ರೀರಂಗಪಟ್ಟಣದ ಸದಸ್ಯ: ದುಡ್ಡು ಕೊಡುವವಳು ಸಾಮಾನ್ಯ ಗ್ರಾಹಕಳಲ್ಲದೆ ಇನ್ನೇನು?

ವಿಜಯನಗರದ ಸದಸ್ಯ: ಇಬ್ಬರೂ ಸಮಾಧಾನ ಮಾಡಿಕೊಳ್ಳಿ.

ಶ್ರೀರಂಗಪಟ್ಟಣದ ಸದಸ್ಯ: ನೀವು ಹತ್ತು ಜನರಿಗೆ ಕಳುಹಿಸುವ ಕೆಲಸ ನೋಡಿಕೊಳ್ಳಿ.

ನಿರ್ವಾಹಕ: ದಯವಿಟ್ಟು ವಿಷಯಕ್ಕೆ ಬನ್ನಿ.

ಮೇಡಂ: ವಿಷಯ ಅದೇ. ಚಿತ್ರದ ವಿವರಣೆ ಹೀಗಿರಲಿ: ‘ಎಲೆಹಸಿರು ಒಡಲು, ಕೆಂಪು ಅಂಚು, ಸೆರಗಿನಲ್ಲಿ ಮಾವಿನಕಾಯಿ ಬುಟ್ಟಾ.’ ಇದು ಬರೆಯಲು ಅರ್ಧ ನಿಮಿಷ ಹಿಡಿಯಿತು. ಇಲ್ಲಿನ ಜಗಳಕ್ಕೆ ಅದಕ್ಕಿಂತ ಹೆಚ್ಚು ಹಿಡಿದಿದೆ.

ಪಾಂಡವಪುರದ ಸದಸ್ಯ: ನಮ್ಮ ಸೈಬರ್ ಸೆಂಟರ್‌ನಲ್ಲಿ ವಿಂಡೋಸ್ 7 ಇದೆ. ಒಂದು ಅರ್ಜಿ ಪುಟದ ಮೆನು ಚೆಲ್ಲಾಪಿಲ್ಲಿಯಾಗಿದೆ. ಬ್ರೌಸರ್ ಕೂಡಿಟ್ಟ ಹಳೆಯ ಪ್ರತಿಗಳನ್ನು (ಕ್ಯಾಶ್) ಅಳಿಸಿ ಎಂದು ಎಲ್ಲರೂ ಹೇಳುತ್ತಾರೆ. ಐದು ಸಲ ಅಳಿಸಿದೆ.

ಮೇಡಂ: ಆರನೆಯ ಸಲ ಅಳಿಸಬೇಡಿ. ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ ಆವೃತ್ತಿ 109. ಪುಟದ ಅಂದ ಹೇಗಿರಬೇಕೆಂದು ಹೇಳುವ ಸಿಎಸ್‌ಎಸ್ ನಿಯಮಗಳನ್ನು ಒಂದರೊಳಗೊಂದು ಹೆಣೆದು ಬರೆಯುವ ಕ್ರಮ ಕ್ರೋಮ್‌ಗೆ ಬಂದದ್ದು 112ರಲ್ಲಿ. ಆ ಪುಟದ ಸಿಎಸ್‌ಎಸ್ ತೆರೆದು ನೋಡಿದೆ, ಮೆನುವನ್ನು ಹಾಗೆಯೇ ಹೆಣೆದಿದ್ದಾರೆ. ಫೈರ್‌ಫಾಕ್ಸ್ ಹಾಕಿದರೂ ಅಷ್ಟೇ: ನಿಮಗೆ ಸಿಗುವುದು 115, ಇದು ಬಂದದ್ದು 117ರಲ್ಲಿ. ತಪ್ಪು ಪುಟ ಮಾಡಿದವರದು, ಹಳೆಯ ಯಂತ್ರದಲ್ಲಿ ತೆರೆದು ನೋಡಿಲ್ಲ. ಆದರೂ ಜನರ ಆಧಾರ್ ಸಂಖ್ಯೆ ತುಂಬುವ ಯಂತ್ರದಲ್ಲಿ ವಿಂಡೋಸ್ 7 ಇಟ್ಟುಕೊಳ್ಳಬೇಡಿ.

ಹೆಬ್ಬಾಳದ ಸದಸ್ಯ: ಲೈಟ್‌ಹೌಸ್‌ನಲ್ಲಿ 98 ಬಂದಿದೆ. ಸಾಕೇ?

ಮೇಡಂ: ಮೇಲೆ ಓದಿ.

ಚಾಮರಾಜಪುರಂನ ಸದಸ್ಯೆ: ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿಯೂ ಪರೀಕ್ಷಿಸಬೇಕೇ?

ಮೇಡಂ: ಬೇಡ. 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು.

ಜಯಲಕ್ಷ್ಮಿಪುರಂನ ವಿನ್ಯಾಸಕ: ಕೊನೆಯದಾಗಿ, ಇದೆಲ್ಲ ಕಾನೂನೇ ಅಥವಾ ಬರೀ ಉಪದೇಶವೇ?

ಮೇಡಂ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಓದಿ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿದೆ.

ಹೆಬ್ಬಾಳದ ಸದಸ್ಯ: ಮೇಲೆ ಓದಿದೆ. ಅದು ನೂರರ ವಿಷಯ. ನನ್ನದು 98.

ಮದ್ದೂರಿನ ಸದಸ್ಯ: ಕಡಿಮೆ ದರದ್ದು ಯಾರಾದರೂ ಹೇಳಿ ಸರ್.

ಮಂಡ್ಯದ ಸದಸ್ಯೆ: ಮೇಡಂ, ಬದಲಿಸಿ ಹಾಕಿದೆ. ಮೇಷ್ಟರು ಪೂರ್ತಿ ಕೇಳಿದರಂತೆ. ಪೌಂಡ್ ಹೋಗಿದೆ. ಆದರೆ ‘ವಾಷಿರ್ಕ ಮಹಾಸಭೆ ಎಂದರೆ ಏನಮ್ಮ’ ಎಂದು ಕೇಳುತ್ತಿದ್ದಾರೆ.

ಮೇಡಂ: ಅರ್ಕಾವತ್ತು ಎಂದು ಹೇಳಿದ್ದೆನಲ್ಲಮ್ಮ! ಏಳು ಗಂಟೆಯಾಯಿತು, ಬರುತ್ತೇನೆ.