ಮೋಟಾರಿನ ನಡುಕದಿಂದ ವಿದ್ಯುತ್: ಮೀಟರಿನಲ್ಲಿ 8 ವೋಲ್ಟ್, ಕೆಪಾಸಿಟರಿನಲ್ಲಿ 2 ವೋಲ್ಟೂ ಇಲ್ಲ

ಪ್ರಶ್ನೆ

ನಮಸ್ಕಾರ. ನಮ್ಮ ಅಡಿಕೆ ತೋಟದ ಪಂಪ್‌ಹೌಸಿನಲ್ಲಿ 5 ಎಚ್‌ಪಿಯ ತ್ರೀ ಫೇಸ್ ಮೋಟಾರ್ ಇದ್ದು, ಅದರ ತಗಡಿನ ಮೇಲೆ 1440 ಆರ್‌ಪಿಎಂ ಎಂದು ಬರೆದಿದೆ. ಬೇರಿಂಗ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಬ್ಯಾಟರಿಯ ಹಂಗಿಲ್ಲದೆ ತಿಳಿಸುವ ಸಾಧನವೊಂದನ್ನು ಮಾಡಬೇಕೆಂದು, ಹಳೆಯ ಉಕ್ಕಿನ ಸ್ಕೇಲಿನ ತುಂಡೊಂದರ ಒಂದು ತುದಿಯನ್ನು ಮೋಟಾರಿನ ಕಾಲಿಗೆ ಬಿಗಿದು, ಅಲ್ಲಿಯೇ ಹತ್ತಿರ ಬಾಗಿದಾಗ ವಿದ್ಯುತ್ ಹುಟ್ಟಿಸುವ 27 ಮಿಲಿಮೀಟರ್ ಪೀಜೋ ಬಿಲ್ಲೆಯನ್ನು ಅಂಟಿಸಿ, ಇನ್ನೊಂದು ತುದಿಗೆ ತೂಕಕ್ಕಾಗಿ ನಟ್ ಕಟ್ಟಿದ್ದೇನೆ. ಮೋಟಾರ್ ಓಡುವಾಗ ಮಲ್ಟಿಮೀಟರ್ 8 ವೋಲ್ಟ್ ಎಸಿ ತೋರಿಸುತ್ತದೆ. ಆದರೆ ಎಸಿಯನ್ನು ಡಿಸಿ ಮಾಡಲು 1ಎನ್4007 ಡಯೋಡುಗಳ ಬ್ರಿಡ್ಜ್, 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು ವೈಫೈ ಇರುವ ಇಎಸ್‌ಪಿ8266 ಬೋರ್ಡನ್ನು ಜೋಡಿಸಿದರೆ, ಕೆಪಾಸಿಟರ್ 2 ವೋಲ್ಟಿನ ಆಚೆಗೆ ಏರುವುದೇ ಇಲ್ಲ. ತಪ್ಪು ಎಲ್ಲಿದೆ?

ಉತ್ತರ 1

ತಪ್ಪು ಬಿಲ್ಲೆಯಲ್ಲಿಲ್ಲ, ಲೆಕ್ಕದಲ್ಲಿದೆ. ಆ ಗಾತ್ರದ ಬಿಲ್ಲೆಯ ಧಾರಕತೆ (ಕೆಪಾಸಿಟನ್ಸ್) ಸುಮಾರು 20 ನ್ಯಾನೋಫ್ಯಾರಡ್. 1440 ಆರ್‌ಪಿಎಂ ಎಂದರೆ ಸೆಕೆಂಡಿಗೆ 24 ಸುತ್ತು, ಅಂದರೆ 24 ಹರ್ಟ್ಸ್. ಮೀಟರಿನ 8 ವೋಲ್ಟ್ ಎಂದರೆ ಶೃಂಗದಲ್ಲಿ, ಅಂದರೆ ಅಲೆಯ ತುತ್ತತುದಿಯಲ್ಲಿ, ಸುಮಾರು 11 ವೋಲ್ಟ್. ಸಾಮಾನ್ಯ ಬ್ರಿಡ್ಜಿನಿಂದ ಹೆಚ್ಚೆಂದರೆ ಸಿಗುವ ಶಕ್ತಿಯು ಧಾರಕತೆ, ಆವರ್ತನ ಮತ್ತು ಶೃಂಗ ವೋಲ್ಟೇಜಿನ ವರ್ಗ ಇವುಗಳ ಗುಣಲಬ್ಧವಾದ್ದರಿಂದ, ನಿಮ್ಮ ಆದಾಯ 58 ಮೈಕ್ರೋವಾಟ್. ಅದೂ ಕೆಪಾಸಿಟರ್ ಶೃಂಗದ ಅರ್ಧದಷ್ಟು, ಅಂದರೆ 5.5 ವೋಲ್ಟಿನ ಆಸುಪಾಸಿನಲ್ಲಿ ನಿಂತಾಗ ಮಾತ್ರ. ಇನ್ನು ಖರ್ಚು ನೋಡಿ: ವೈಫೈ 3.3 ವೋಲ್ಟಿನಲ್ಲಿ 100 ಮಿಲಿಆಂಪಿಯರಿನಂತೆ ಒಂದೇ ಸೆಕೆಂಡು ಎಳೆದರೂ 330 ಮಿಲಿಜೌಲ್ ಬೇಕು. ಅಷ್ಟನ್ನು ಕೂಡಿಸಲು ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಬೋರ್ಡಿನ ಮೇಲಿರುವ ಪುಟ್ಟ ಎಲ್‌ಇಡಿ ಸುಮ್ಮನೆ ಕುಳಿತಿರುವುದಿಲ್ಲ, ಬಂದದ್ದನ್ನು ಕುಡಿಯುತ್ತಲೇ ಇರುತ್ತದೆ.

ಎಲ್‌ಟಿಸಿ3588-1 ಎಂಬ ಚಿಪ್ ಇದಕ್ಕೆಂದೇ ಇದೆ. ಬ್ರಿಡ್ಜ್ ಅದರೊಳಗೇ ಇದ್ದು, 3.3 ವೋಲ್ಟಿಗೆ ಹೊಂದಿಸಿದರೆ ಕೆಪಾಸಿಟರ್ ಸುಮಾರು 5 ವೋಲ್ಟ್ ತಲುಪುವವರೆಗೆ ಹೊರಗೆ ಏನನ್ನೂ ಬಿಡುವುದಿಲ್ಲ, 3.7ರ ಹತ್ತಿರ ಇಳಿದರೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತದೆ. ಕಾಯುವಾಗ ಅದು ಬಳಸುವುದು ಸುಮಾರು 450 ನ್ಯಾನೋಆಂಪಿಯರ್. ನಿಮ್ಮ 470 ಮೈಕ್ರೋಫ್ಯಾರಡ್ ಆ ಎರಡು ಮಟ್ಟಗಳ ನಡುವೆ 2.7 ಮಿಲಿಜೌಲ್ ಕೊಡುತ್ತದೆ. ವೈಫೈಗೆ ಅದು ಏನೇನೂ ಸಾಲದು, ಆದರೆ ಮಿತವ್ಯಯದ ಬ್ಲೂಟೂತ್ ಚಿಪ್ ಒಂದೆರಡು ಸಂದೇಶ ಕಳುಹಿಸಲು ಧಾರಾಳವಾಯಿತು.

ಉತ್ತರ 2

ಮೇಲಿನ ಲೆಕ್ಕ ಸರಿ, ಆದರೆ ಸರ್ಕ್ಯೂಟಿಗಿಂತ ಮೊದಲು ಆ ನಟ್ಟಿನ ಕಡೆಗೆ ಗಮನ ಕೊಡಿ. ಪಟ್ಟಿಯ ಸಹಜ ಆವರ್ತನ ಮೋಟಾರಿನ ಆವರ್ತನಕ್ಕೆ ಕೂಡಿದರೆ ಮಾತ್ರ ಅನುರಣನೆ ಉಂಟಾಗಿ ಪಟ್ಟಿಯ ನಡುಕ ಹಿಗ್ಗುತ್ತದೆ. ನಟ್ಟನ್ನು ಬೆರಳಗಲ ಅತ್ತಿತ್ತ ಸರಿಸಿದರೂ ವೋಲ್ಟೇಜ್ ಅರ್ಧಕ್ಕೆ ಕುಸಿಯಬಹುದು. ಇನ್ನೊಂದು ಎಚ್ಚರಿಕೆ: ಅಮೆರಿಕದ ಲೇಖನಗಳಲ್ಲಿ ನಡುಕದ ಆವರ್ತನ 120 ಹರ್ಟ್ಸ್ ಎಂದು ಕಾಣುವುದು ಅಲ್ಲಿನ 60 ಹರ್ಟ್ಸ್ ವಿದ್ಯುತ್ತಿನ ಇಮ್ಮಡಿ, ನಮ್ಮಲ್ಲಿ ಅದು 100 ಹರ್ಟ್ಸ್. ಅಲ್ಲಿಗೆಂದು ಶ್ರುತಿ ಮಾಡಿದ ಸಿದ್ಧ ಪಟ್ಟಿ ತರಿಸಿಕೊಂಡರೆ ಇಲ್ಲಿ ಮಂಕಾಗಿಯೇ ಇರುತ್ತದೆ. ಹಾಗೆಂದು ಶ್ರುತಿ ಅತಿ ಸೂಕ್ಷ್ಮವಾಗಿರುವುದೂ ಬೇಡ. ಸಂಜೆ ಲೈನಿನ ವೋಲ್ಟೇಜ್ ಇಳಿದು ಮೋಟಾರ್ 1420ಕ್ಕೆ ಬಂದರೆ ಶೃಂಗ ತಪ್ಪಿಹೋಗುತ್ತದೆ.

ಬಯಾಸ್ ಫ್ಲಿಪ್ ಬಗ್ಗೆಯೂ ಯಾರಾದರೂ ಹೇಳಿಯಾರು. ಎಂಐಟಿಯ ಯೋಗೇಶ್ ರಾಮದಾಸ್ ಮತ್ತು ಅನಂತ ಚಂದ್ರಕಾಸನ್ 2010ರಲ್ಲಿ, ಬಿಲ್ಲೆಯ ವೋಲ್ಟೇಜನ್ನು ಇಂಡಕ್ಟರ್ ಮೂಲಕ ಮಗುಚಿಹಾಕಿ ಸಾಮಾನ್ಯ ಬ್ರಿಡ್ಜಿನ ನಾಲ್ಕರಷ್ಟಕ್ಕೂ ಹೆಚ್ಚು ಶಕ್ತಿ ತೆಗೆದದ್ದು ನಿಜ. ಅದು ಒಂದೇ ಚಿಪ್ಪಿನೊಳಗೆ ಆದ ಕೆಲಸ. ಬಿಡಿ ಬಿಡಿ ಭಾಗಗಳಿಂದ ಕಟ್ಟಿದರೆ ನಿಯಂತ್ರಣದ ಭಾಗವೇ ಗಳಿಕೆಯನ್ನು ತಿಂದುಹಾಕುವ ಸಂಭವ ಹೆಚ್ಚು.

ಉತ್ತರ 3

ಮೋಟಾರಿಗೆ ಕೇಬಲ್ ಬಂದೇ ಇರುತ್ತದಲ್ಲ, ನಡುಕವೇ ಏಕೆ? ಬಿಚ್ಚಿ ಮುಚ್ಚುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ಒಂದು ಫೇಸಿನ ತಂತಿಗೆ ತೊಡಿಸಿದರೆ ಇದಕ್ಕಿಂತ ಎಷ್ಟೋ ಪಟ್ಟು ಶಕ್ತಿ ಸಿಗುತ್ತದೆ. ಮೂರೂ ತಂತಿಗಳಿರುವ ಇಡೀ ಕೇಬಲಿಗೆ ತೊಡಿಸಬೇಡಿ. ಮೂರರ ಮೊತ್ತ ಸೊನ್ನೆಯಾಗಿ ಏನೂ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮೂರನೆಯವರ ಮಾತು ಒಪ್ಪತಕ್ಕದ್ದೇ, ಆದರೆ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆಯಲು ತಂದೆಯವರು ಬಿಡುವುದಿಲ್ಲ. ಬೋರ್ಡ್ ತೆಗೆದುಹಾಕಿ ಆ ಚಿಪ್ಪನ್ನು ಜೋಡಿಸಿದೆ. ನಿನ್ನೆ ತ್ರೀ ಫೇಸ್ ಬಂದ ಮೇಲೆ ಖಾಲಿ ಕೆಪಾಸಿಟರ್ 5 ವೋಲ್ಟಿಗೆ ಏರಲು ಸುಮಾರು ನಾಲ್ಕು ನಿಮಿಷ ಹಿಡಿಯಿತು, ಆಮೇಲೆ ಹೆಚ್ಚುಕಡಿಮೆ ಎರಡು ನಿಮಿಷಕ್ಕೊಮ್ಮೆ ಬ್ಲೂಟೂತ್ ಸಂದೇಶ ಮೊಬೈಲಿಗೆ ಬರುತ್ತಿದೆ. ನಟ್ ಮಾತ್ರ ನಡುಕಕ್ಕೆ ತಾನಾಗಿ ಸಡಿಲವಾಗುತ್ತಿದೆ. ಅದಕ್ಕೆ ಲಾಕ್ ನಟ್ ಹಾಕಿ ನೋಡುತ್ತೇನೆ.